ಹಳದಿ ಹೂವಿನ ಕೆಂಪು

ಅಣ್ಣನ ಲಗ್ನ ಹುಕ್ಕೇರಿಯ ಹುಡುಗಿಯ ಜೊತೆ ಗೊತ್ತಾದಾಗ ನನಗೆ ಹನ್ನೆರಡು ವರ್ಷ. ಬೀಗರು ಕೇಳಿದ್ದು ಒಂದೇ: ಹುಡುಗಿಗೆ ಕುಸುಬಿ ಬಣ್ಣದ ಸೀರೆ ತರಬೇಕು. ಮಮದಾಪುರದ ನಮ್ಮ ಹೊಲದಲ್ಲಿ ಕುಸುಬಿ ಬೆಳೆಯುತ್ತಿದ್ದೆವು. ಮುಳ್ಳಿನ ಗಿಡ, ಅರಿಶಿನದಂಥ ಹೂವು. ಗೋಕಾಕದ ಪೇಟೆಯಲ್ಲಿ ಅವ್ವನ ಕೈ ಹಿಡಿದು ಜಗ್ಗಿ, ಹೂವಿನದೇ ಹಳದಿಯ ಸೀರೆಯನ್ನು ನಾನೇ ಆರಿಸಿದೆ.

ಸೀರೆ ತೋರಿಸಲು ಚಕ್ಕಡಿ ಕಟ್ಟಿಸಿಕೊಂಡು ಹುಕ್ಕೇರಿಗೆ ಹೋದೆವು. ಹುಡುಗಿಯ ಅಜ್ಜಿ ಗಂಟು ಬಿಚ್ಚಿ ನೋಡಿದರು.

"ಸೀರಿ ಛಲೋ ಐತ್ರಿ. ಆದ್ರ ಇದು ಕುಸುಬಿ ಬಣ್ಣ ಅಲ್ಲ. ಅದು ಕೆಂಪ ಇರತೈತಿ."

ಅವ್ವನ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. "ಕುಸುಬಿ ಹೂವ ಹಳದಿ ಐತ್ರಿ ಅಜ್ಜಿ. ಅದರ ಹೆಸರ ಕೆಂಪಿಗೆ ಯಾಕ ಇಟ್ರಿ?"

ಅವ್ವ ನನ್ನನ್ನು ಚಿವುಟಿದಳು. ಅಜ್ಜಿ ಮಾತ್ರ ನಕ್ಕು, "ಹಿತ್ತಲಕ್ಕ ಬಾ, ತೋರಸ್ತೇನಿ" ಅಂದರು.

ಮೊಮ್ಮಗಳ ಕುಬಸಕ್ಕೆ ಬಣ್ಣ ಕಟ್ಟಲೆಂದು ಅವರು ಒಣಗಿಸಿಟ್ಟಿದ್ದ ಕುಸುಬಿ ಎಸಳು ಇತ್ತು. ಅದನ್ನು ಅರಿವೆಯಲ್ಲಿ ಕಟ್ಟಿ, ನೀರಲ್ಲಿ ಅದ್ದಿ ಹಿಂಡಲು ಕೊಟ್ಟರು. ಹಿಂಡಿದಷ್ಟೂ ಹಳದಿ ನೀರು. "ನೋಡ್ರಿ, ಹಳದಿನ ಬರಾಕತ್ತೈತಿ" ಅಂದೆ, ಗೆದ್ದವಳ ಹಾಗೆ.

"ಹೋಗಲಿ ಬಿಡು. ಹಿಂಡು."

ಕೈ ಸೋತು ಬಂದಾಗ ಹಳದಿ ಮುಗಿಯಿತು. ಅಜ್ಜಿ ಆ ಎಸಳನ್ನು ಬೂದಿಯ ತಿಳಿನೀರಿನಲ್ಲಿ ಕಿವುಚಿ ಗಡಿಗೆಗೆ ಸೋಸಿದರು. ನೀರು ಕಂದು ಬಣ್ಣಕ್ಕೆ ತಿರುಗಿತು. ಅದರಲ್ಲಿ ಕುಬಸದ ಬಿಳಿ ಅರಿವೆ ಮುಳುಗಿಸಿ, ಮೇಲೆ ನಿಂಬೆಹಣ್ಣು ಹಿಂಡಿದರು. ನಾನು ನೋಡನೋಡುತ್ತಿದ್ದಂತೆ ಗಡಿಗೆಯೊಳಗೆ ಕೆಂಪು ಎದ್ದಿತು. ಅರಿವೆ ಎತ್ತಿದರೆ ದಾಳಿಂಬೆ ಕಾಳಿನ ಬಣ್ಣ!

"ಹಳದಿ ನೀರಿನ ಸಂಗಾಟ ಹೋತು. ಅರಿವ್ಯಾಗ ಹತ್ತಿದ್ದಕ್ಕ ನಾವು ಕುಸುಬಿ ಬಣ್ಣ ಅಂತೇವಿ," ಅಂದರು ಅಜ್ಜಿ.

ನಾನು ಒಳಗೆ ಓಡಿ, ಕೋಣೆಯಲ್ಲಿ ಕುಳಿತಿದ್ದ ಮದುಮಗಳನ್ನೇ ಎಳೆದುಕೊಂಡು ಬಂದೆ. ಬೀಗರೆದುರು ಬರಬಾರದು ಎಂಬುದು ಅವಳಿಗೂ ಮರೆತುಹೋಯಿತು. ಇಬ್ಬರೂ ಅರಿವೆಯ ಒಂದೊಂದು ತುದಿ ಹಿಡಿದು ಬಿಸಿಲಿಗೆ ಹರವಿದೆವು.

ಅವ್ವ ಸೀರೆ ಬದಲಿಸಿ ತರುತ್ತೇನೆಂದಳು. ಮದುಮಗಳು ತಲೆ ತಗ್ಗಿಸಿ, "ಬ್ಯಾಡ್ರಿ ಅತ್ತಿ. ಹಳದಿ ಸೀರಿಗೆ ಈ ಕುಬಸ ಒಪ್ಪತೈತಿ" ಅಂದಳು. ಹಾಗೆಯೇ ಉಟ್ಟು ಲಗ್ನವಾದಳು.

ಮುಂದಿನ ಸುಗ್ಗಿಯಲ್ಲಿ, ನಮ್ಮ ಮನೆ ಸೇರಿ ನನಗೆ ವೈನಿಯಾದ ಅವಳು, ನಾನು ಇಬ್ಬರೂ ಬೆರಳಿಗೆ ಚಿಂದಿ ಸುತ್ತಿಕೊಂಡು ಎಸಳು ಕಿತ್ತೆವು. ನಮ್ಮ ಕೈಯಲ್ಲಿ ಬಂದದ್ದು ತೆಳು ಗುಲಾಬಿಯಷ್ಟೆ. ಆದರೂ ಓಣಿಯ ಮನೆಮನೆಗೂ ಹೋಗಿ ತೋರಿಸಿ ಬಂದೆವು.