ಐವತ್ತೊಂದನೆಯ ಎಸೆತ

ಧುಪದಾಳದ ಕೆಂಚಪ್ಪನ ಕಾಲುಗಳು ಮೂರನೆಯ ವಯಸ್ಸಿನಲ್ಲೇ ಜ್ವರಕ್ಕೆ ಬತ್ತಿಹೋಗಿದ್ದವು. ಕೈಗಳು ಮಾತ್ರ ಇಪ್ಪತ್ತು ವರ್ಷ ಹಗ್ಗ ಹೊಸೆದು ಹೊಸೆದು ಕಬ್ಬಿಣವಾಗಿದ್ದವು. ಅವನ ಹಗ್ಗ ಹರಿಯಿತೆಂದು ಯಾರೂ ದೂರು ತಂದದ್ದಿಲ್ಲ. ತಂದಿದ್ದರೆ ಅವನ ಬಾಯಿಗೆ ಸಿಕ್ಕು ಹಣ್ಣಾಗುತ್ತಿದ್ದರು, ಆ ಮಾತು ಬೇರೆ.

ನಾಗರಪಂಚಮಿ ಬಂತೆಂದರೆ ಊರ ಗಂಡಸರಿಗೆ ಲಿಂಬೆಹಣ್ಣಿನ ಪಂಥದ ಹುಚ್ಚು. ಹಣ್ಣು ಬಿದ್ದಲ್ಲಿಂದಲೇ ಮತ್ತೆ ಎಸೆಯುತ್ತ, ಹೇಳಿದಷ್ಟು ಎಸೆತದಲ್ಲಿ ಊರ ಅಗಸೆಯಿಂದ ಘಟಪ್ರಭಾದ ರೈಲ್ವೆ ಗೇಟು ದಾಟಿಸಬೇಕು. ಸೋತವನು ಗೆದ್ದವನಿಗೆ ತನ್ನ ಮನೆಯ ಉಂಡಿ ತಿನ್ನಿಸಬೇಕು. ಕೆಂಚಪ್ಪನಿಗೆ ಪ್ರತಿವರ್ಷ ಒಂದೇ ಕೆಲಸ, ಚಕ್ಕಡಿಯಲ್ಲಿ ಕೂತು ಎಸೆತ ಎಣಿಸುವುದು. "ಪಾಪ, ಅವಗೂ ಹೊತ್ತ ಹೋಕ್ಕೈತಿ" ಎನ್ನುತ್ತಿದ್ದರು ಜನ. ಆ 'ಪಾಪ' ಕೇಳಿದರೆ ಅವನ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಏನು ಮಾಡೀತು?

೧೯೫೪ರ ಪಂಚಮಿ. ಪೈಲ್ವಾನ ಗುಡ್ಡಪ್ಪ ಮೀಸೆ ತಿರುವುತ್ತ, "ಐವತ್ತರಾಗ ಗೇಟ್ ದಾಟಸಾಂವ ಯಾರದೀರ್ಲೇ?" ಎಂದ.

"ನಾ ಅದೀನಿ" ಎಂದ ಕೆಂಚಪ್ಪ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಗುಡ್ಡಪ್ಪ ದನಿ ಇಳಿಸಿ, "ಆತು ಬಿಡಪಾ, ಚಕ್ಕಡ್ಯಾಗ ಕುಂತ ಒಗಿ" ಎಂದ.

"ಎತ್ತರದಿಂದ ಒಗದು ಗೆಲ್ಲಾಕ ನನಗೇನ ಧಾಡಿ ಆಗೈತಿ? ನೆಲದ ಮ್ಯಾಲೆ ಕುಂತ ಒಗಿತೀನಿ!"

ಹಾಗೇ ಆಯಿತು. ಹಣ್ಣು ಬಿದ್ದಲ್ಲಿಗೆ ಚಕ್ಕಡಿ ಹೋಗುವುದು, ಕೆಂಚಪ್ಪ ಕೈಯೂರಿ ಇಳಿಯುವುದು, ಭುಜ ಹಿಂದಕ್ಕೆಳೆದು ಬೀಸುವುದು. ಹಣ್ಣು ಸುಂಯ್ ಎಂದು ಹಾರುತ್ತಿತ್ತು. ಎಣಿಸುವ ಕೆಲಸ ಈ ಸಲ ಗೆಳೆಯ ಅಣ್ಣಾಸಾಹೇಬನದು. ಇಪ್ಪತ್ಮೂರನೆಯದು ಮಾತ್ರ ಜಾಲಿಕಂಟಿಗೆ ಬಡಿದು ಹತ್ತು ಮಾರಿಗೇ ಬಿತ್ತು. ಕೆಂಚಪ್ಪ ಹಲ್ಲು ಕಚ್ಚಿದ.

ಕೊನೆಗೆ ಒಂದು ಎಸೆತ ಗೇಟು ದಾಟಿ ಹಳಿಯಾಚೆ ಬಿತ್ತು. "ಐವತ್ತು! ಗೆದ್ದ ನಮ್ಮ ಕೆಂಚಪ್ಪ!" ಎಂದು ಅಣ್ಣಾಸಾಹೇಬ ಕೂಗಿದ. ಜನ ಸಿಳ್ಳೆ ಹಾಕಿದರು. ಗುಡ್ಡಪ್ಪ ಮಾತ್ರ ನೆಲ ನೋಡುತ್ತ ನಿಂತಿದ್ದ.

ಕೆಂಚಪ್ಪ ಅವರೆಲ್ಲರ ಮುಖ ನೋಡಿದ. ಒಬ್ಬರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎಲ್ಲರಿಗೂ ಗೊತ್ತಿತ್ತು!

"ಐವತ್ತೊಂದು" ಎಂದ. "ಕಂಟಿಗೆ ಬಡದದ್ದು ಯಾರಪ್ಪ ಒಗದಿದ್ದಲೇ ಅಣ್ಣಾ? ಅದನ್ನ ನುಂಗಿ ಕುಂತಿಯೇನ?"

"ಇರ್ಲಿ ಬಿಡೋ ಮಾರಾಯಾ, ಹಬ್ಬದಾಗ..."

"ಏನ್ ಇರ್ಲಿ? ನಾ ಸೋತೀನಿ. ಖರೇ ಖರೇ ಸೋತೀನಿ! ಗುಡ್ಡ್ಯಾ, ಬಾ ಇಲ್ಲಿ" ಎಂದು ಮಡಿಲಿನ ಗಂಟು ಬಿಚ್ಚಿ ಶೇಂಗಾದುಂಡಿ ಚಾಚಿದ. ಗುಡ್ಡಪ್ಪ ಹಿಂದೆ ಸರಿದ. "ನಿನ್ನ ಕಡಿಂದ ಹೆಂಗ ತಿನ್ನಲೋ?" "ಸೋತಾವರ ಕಡಿಂದ ಹೆಂಗ ತಿಂತೀಯೋ ಹಂಗ. ಬಾಯಿ ತಗಿ!"

ಗುಡ್ಡಪ್ಪ ಬಾಯಿ ತೆರೆದ. ಅಗಿದ. ಅಗಿಯುತ್ತ ಅಗಿಯುತ್ತ ಅವನ ಹಳೆಯ ಸೊಕ್ಕು ಮರಳಿತು.

"ಅಯ್ಯ, ಐವತ್ತರಾಗ ದಾಟಸಾವ್ರ ಮಾರಿ ನೋಡ್ರಿ! ಉಂಡಿ ಕಟ್ಟಾಕಷ್ಟ ಲಾಯಕ್ ಐತಿ ಈ ಕೈ!"

ಊರು ಮುಟ್ಟುವವರೆಗೂ ಗುಡ್ಡಪ್ಪ ಚಕ್ಕಡಿಯ ಬಾಜೂ ನಡೆಯುತ್ತ ಅವನನ್ನು ಹಂಗಿಸಿದ್ದೇ ಹಂಗಿಸಿದ್ದು. ದಾರಿಯುದ್ದಕ್ಕೂ ಒಬ್ಬರ ಬಾಯಲ್ಲೂ 'ಪಾಪ' ಬರಲಿಲ್ಲ. ಕೆಂಚಪ್ಪ ಬೈಗುಳಕ್ಕೆ ಬೈಗುಳ ಕೊಡುತ್ತ, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ.