ಚಿಕಿತ್ಸೆ ಬಿಟ್ಟವರ ಮನೆಗೆ ಡಾಕ್ಟರಮ್ಮ

ಶಿವಾಜಿನಗರದ ಆಸ್ಪತ್ರೆಯೊಂದರ ಡಾಕ್ಟರ್ ಶಶಿರೇಖಾ ಅವರನ್ನು ಕಂಡರೆ ಹಲಸೂರಿನ ರೋಗಿಗಳ ಅತ್ತೆಯಂದಿರು ಒಳಗೆ ಓಡುತ್ತಿದ್ದರು. ಗರ್ಭಕಂಠದ ಕ್ಯಾನ್ಸರಿನ ಚಿಕಿತ್ಸೆಗೆಂದು ವಿದೇಶದಿಂದ ಬಂದಿದ್ದ ಮಾರ್ಗಸೂಚಿ, ರೇಡಿಯೇಷನ್ನನ್ನು ನಡುವೆ ನಿಲ್ಲಿಸಬಾರದು, ರೋಗಿ ಬಾರದಿದ್ದರೆ ಫೋನ್ ಮಾಡಬೇಕು ಎನ್ನುತ್ತಿತ್ತು. ತೊಂಬತ್ತರ ದಶಕದಲ್ಲಿ ಅವರ ರೋಗಿಗಳ ಮನೆಯಲ್ಲಿ ಫೋನ್ ಎಲ್ಲಿತ್ತು? ಅದಕ್ಕೇ ಡಾಕ್ಟರಮ್ಮನೇ ಹೋಗುತ್ತಿದ್ದರು. ನಾಮಕರಣವಿರಲಿ, ಸೀಮಂತವಿರಲಿ, ಕರೆಯದೆಯೇ ಹೋಗಿ, ಒಬ್ಬಟ್ಟು ತಿಂದು, ರೋಗಿಯನ್ನು ಎಬ್ಬಿಸಿಕೊಂಡು ಬರುತ್ತಿದ್ದರು. "ಅಡಿಗೆ ಯಾರ್ ಮಾಡ್ತಾರೆ?" ಎಂದು ರೋಗಿಯ ಗಂಡ ಗೊಣಗಿದರೆ, "ನಿಮ್ ಕೈಗೇನೂ ಕಾಯಿಲೆ ಇಲ್ವಲ್ರೀ" ಎನ್ನುವರು. ರೋಗಿಯ ಕಣ್ಣೀರಿಗೂ ಜಗ್ಗುತ್ತಿರಲಿಲ್ಲ. "ಅಳ್ತಾನೇ ಆಟೋ ಹತ್ತಮ್ಮ, ದಾರೀಲೂ ಅಳಬಹುದು" ಎನ್ನುವರು. ಒಮ್ಮೆ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟಿದ್ದ ಮುನಿರತ್ನಳನ್ನು ಹುಡುಕಿಕೊಂಡು ಕೆ.ಆರ್. ಪುರಕ್ಕೆ ಹೋದರು. "ಸೊಸೆ ತೀರ್ಕೊಂಡು ತಿಂಗಳಾಯ್ತು ಡಾಕ್ಟ್ರಮ್ಮ. ಆಸ್ಪತ್ರೆಗೆ ಹೋಗೋದು ಸಾಕು ಅಂತ ನಾನೇ ಅಂದಿದ್ದೆ," ಎಂದಳು ಅತ್ತೆ ಪಾಪಮ್ಮ. ಡಾಕ್ಟರಮ್ಮ ಜಗಲಿಯ ಮೇಲೆ ಕುಳಿತರು. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು, ಅವಳು ಕೊಟ್ಟ ನೀರನ್ನು ಕುಡಿದರು. ಆಮೇಲೆ ಲೋಟ ಕೆಳಗಿಟ್ಟು, "ನೀವು ಯಾವತ್ತಾದ್ರೂ ಈ ಕಾಯಿಲೆಗೆ ಪರೀಕ್ಷೆ ಮಾಡಿಸ್ಕೊಂಡಿದ್ದೀರಾ?" ಎಂದು ಕೇಳಿದರು. ಪಾಪಮ್ಮ ಇಲ್ಲವೆಂದು ತಲೆಯಾಡಿಸಿದಳು. "ಹಾಗಾದ್ರೆ ಚಪ್ಪಲಿ ಹಾಕ್ಕೊಳ್ಳಿ, ಹೋಗೋಣ," ಎಂದು ಡಾಕ್ಟರಮ್ಮ ಅವಳ ಕೈ ಹಿಡಿದು ಎದ್ದರು.