ಮುಚ್ಚಳಕ್ಕೆ ಸೂಜಿಯ ತೂತು

ನಮ್ಮ ರಾಮತೀರ್ಥ ನಗರದ ಬಸಲಿಂಗಪ್ಪ ಹಲ್ಲಿನ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದ. ಹುಳುಕು ಹಲ್ಲಿಗೆ ತುಂಬಲು ಅವನು ಕಲಸಿಕೊಟ್ಟ ಬೆಳ್ಳಿ ಎಷ್ಟೆಂದರೆ, ಬೆಳಗಾವಿ ಮಂದಿಯೆಲ್ಲ ಮಧ್ಯಾಹ್ನ ಒಂದೇ ಸಲ ಆಕಳಿಸಿದರೆ ಸಾಂಬ್ರಾಕ್ಕೆ ಇಳಿಯುವ ವಿಮಾನದ ಪೈಲಟ್ ಕಣ್ಣು ಮುಚ್ಚಿಕೊಳ್ಳಬೇಕು. ಹಲ್ಲಿಗೆ ತುಂಬುವವರು ಡಾಕ್ಟರು. ಬೆಳ್ಳಿಯ ಪುಡಿಗೆ ಪಾದರಸ ಹಾಕಿ, ಪುಟ್ಟ ಒರಳಿನಲ್ಲಿ ಅರೆದು, ಅರಿವೆಯಲ್ಲಿ ಕಟ್ಟಿ ಅಂಗೈಯಲ್ಲಿ ಹಿಂಡುವವ ಇವನು. ಹೆಚ್ಚಾದ ಪಾದರಸ ಗುಂಡುಗುಂಡಾಗಿ ಹೊರಬೀಳುತ್ತಿತ್ತು. ಕೈಗವಸು ಯಾಕಿಲ್ಲವೋ ಅಂದರೆ, "ಕೈಗವಸು ಹಾಕ್ಕೊಂಡು ಯಾರರ ರೊಟ್ಟಿ ಬಡೀತಾರೇನು?" ಅನ್ನುವ.

ಕೂತಲ್ಲಿ ಕೂಡುವ ಆಸಾಮಿಯಲ್ಲ. ಅವನು ಕೂತದ್ದು ಕುರ್ಚಿಗೆ ಗೊತ್ತಾಗುವುದರೊಳಗೆ ಎದ್ದು ಎರಡು ಓಣಿ ಸುತ್ತಿ ಬಂದಿರುತ್ತಿದ್ದ.

ಹೋದ ವರ್ಷ ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ಹಲ್ಲಿಗೆ ತುಂಬುವ ಬೆಳ್ಳಿಯಲ್ಲಿ ಅರ್ಧಕ್ಕರ್ಧ ಪಾದರಸವಂತೆ, ಅದು ಮಿದುಳು ತಿನ್ನುತ್ತದಂತೆ. ನನ್ನ ಬಾಯಲ್ಲಿ ಎರಡು ಅದೇ ಇವೆ. ಬಸಲಿಂಗಪ್ಪನಿಗೆ ತೋರಿಸಿದೆ.

"ಮಿದುಳು ತಿಂತೈತಿ ಅಂತಾರಲ್ಲ. ನಿನಗ್ಯಾಕ ಚಿಂತಿ?" ಅಂದ. ಆದರೂ ದವಾಖಾನೆಗೆ ಕರೆದುಕೊಂಡು ಹೋದ.

ಈಗ ಅಲ್ಲಿ ಹಳೇ ಡಾಕ್ಟರ ಮೊಮ್ಮಗಳು ಸಮೃದ್ಧಿ ಕೂಡುತ್ತಾಳೆ. ಕನ್ನಡಿ ಹಿಡಿದು ನನ್ನ ಬಾಯಿ ನೋಡಿದಳು. "ಗಟ್ಟಿ ಅದಾವ್ರಿ. ಇವುಗಳಿಂದ ಪಾದರಸ ಹೊರಗ ಬರೂದು ಬಾಳ ಕಡಿಮಿ. ಸುಮ್ಮನ ಕಿತ್ತಾಕ ಹೋದ್ರ ಆವಾಗ ಹೆಚ್ಚು ಹಬಿ ಏಳತೈತಿ. ಬಿಟ್ಟುಬಿಡ್ರಿ. ಬಸುರಿ ಹೆಣ್ಮಕ್ಕಳಿಗೆ, ಸಣ್ಣ ಹುಡುಗರಿಗೆ ಈಗ ಇದನ್ನ ಹಾಕೂದಿಲ್ಲ, ಬಿಳೇದು ಹಾಕತೇವಿ." ಆಮೇಲೆ ಕೈ ತೊಳೆಯುತ್ತ ಅಂದಳು, "ನನಗ ಅಂಜಿಕಿ ಇರೂದು ಹಸಿ ಪಾದರಸದ್ದು. ತೆರೆದಿಟ್ರ ತಾನ ಹಬಿಯಾಗಿ ಗಾಳಿಗೆ ಕೂಡತೈತಿ, ವಾಸನಿ ಸೈತ ಬರೂದಿಲ್ಲ. ಬಸಣ್ಣ ಕಾಕಾ, ಆಗ ಹಿಂಡಿದ್ದು ಎಲ್ಲಿಡತಿದ್ರಿ?"

ಬಸಲಿಂಗಪ್ಪ ಗೋಡೆಯ ಕ್ಯಾಲೆಂಡರ್ ಸರಿಮಾಡುತ್ತಿದ್ದ. ಕೈ ಅಲ್ಲೇ ನಿಂತಿತು.

ರಸ್ತೆಗೆ ಬಂದ ಮೇಲೆ ಹೇಳಿದ. ಇಪ್ಪತ್ತು ವರ್ಷದ ಹಿಂದೆ ಖಾನಾಪುರದಾಚೆ ಬೀಡಿ ಎಂಬ ಊರಲ್ಲಿ ತನ್ನ ಅಕ್ಕ ಸಾವಂತ್ರವ್ವನ ಜೋಳಕ್ಕೆ ನುಸಿ ಬಿದ್ದಿತ್ತು. ಪಾದರಸ ಇಟ್ಟರೆ ನುಸಿ ಬರುವುದಿಲ್ಲವೆಂದು ಯಾರೋ ಅಂದರು. ಇವನು ಕೂಡಿಟ್ಟ ಗುಂಡುಗಳನ್ನೆಲ್ಲ ಒಂದು ಬಾಟ್ಲಿಗೆ ಸುರಿದು ಜೋಳದ ಪೀಪಾಯಿಯಲ್ಲಿ ಇಡಿಸಿಬಂದ. "ಹಬಿ ಹೊರಗ ಬರಲಿ ಅಂತ ಮುಚ್ಚಳಕ್ಕ ಸೂಜಿಲೇ ತೂತು ಹೊಡದಾಂವ ನಾನ ಲೇ ದೋಸ್ತ." ಪೀಪಾಯಿ ಇರುವ ಕೋಣೆಯಲ್ಲಿ ಈಗ ಅಕ್ಕನ ಮೊಮ್ಮಗನ ಹೆಂಡತಿ ಪೂನಮ ಮಲಗುತ್ತಾಳೆ. ಅವಳಿಗೆ ಐದು ತಿಂಗಳು.

ಅಲ್ಲೇ ಅಕ್ಕನಿಗೆ ಫೋನ್ ಹಚ್ಚಿ, ಪೂನಮಳನ್ನು ಆ ಕೋಣೆಯಿಂದ ಹೊರಗೆ ಕರೆ, ಕಿಟಕಿ ಬಾಗಿಲು ತೆಗೆ, ಪೀಪಾಯಿ ಮುಟ್ಟಬೇಡ ಅಂದ. ಕಾರಣ ಹೇಳಲಿಲ್ಲ. "ಹೇಳಿದ್ರ ಕಸಬರಗಿ ತಗೊಂಡು ಬಳೀತಾಳ. ಮನಿ ತುಂಬ ಹರಡತೈತಿ."

ಖಾನಾಪುರದಲ್ಲಿ ಬಸ್ಸು ಬದಲಿಸಿದೆವು. ಬೀಡಿ ಬಸ್ಸು ಅರ್ಧ ಖಾಲಿ; ಇವನು ಕಂಬ ಹಿಡಿದು ನಿಂತೇ ಇದ್ದ.

"ಅಜ್ಜಾರ, ಸೀಟು ಅದಾವ, ಕುಂದರ್ರಿ," ಅಂದ ಕಂಡಕ್ಟರ್.

"ನಿಂತ್ರ ಲಗೂ ಮುಟ್ಟತೇನಿ."

ಸಾವಂತ್ರವ್ವ ಬಾಗಿಲಲ್ಲೇ ಹಿಡಿದಳು. ಸಂಗತಿ ಕೇಳಿ, "ಇಪ್ಪತ್ತು ವರ್ಷ ಅದ ಜ್ವಾಳ ತಿಂದೇನಿ. ನನ್ನ ಹಲ್ಲು ಒಂದೂ ಅಳ್ಳಾಡಿಲ್ಲ. ನಿನ್ನವು ಎಷ್ಟ ಅದಾವ, ತಗದ ತೋರಸು," ಅಂದಳು. ಇವನ ಬಾಯಲ್ಲಿರುವುದು ಪೂರ್ತಿ ಕಟ್ಟಿಸಿದ ಸೆಟ್ಟು. ಬೇರೆ ದಿನವಾಗಿದ್ದರೆ ತೆಗೆದೇ ತೋರಿಸುತ್ತಿದ್ದ.

ಪೀಪಾಯಿಯಲ್ಲಿ ಕೈಬಿಟ್ಟರೆ ಬಾಟ್ಲಿ ಸಿಕ್ಕಿತು. ಅಡ್ಡ ಬಿದ್ದು, ತುಂಬಿ ಕೊಟ್ಟದ್ದು ಅರ್ಧಕ್ಕೆ ಬಂದಿತ್ತು. ತಳ ತುಕ್ಕು ತಿಂದ ಪೀಪಾಯಿ ಸರಿಸಿದರೆ ನೆಲದ ಫರಸಿಕಲ್ಲುಗಳ ಸಂದಿಯಲ್ಲಿ ಸಾಸಿವೆಯಷ್ಟು ದಪ್ಪದ ಗುಂಡುಗಳು ಹೊಳೆದವು. ಬಸಲಿಂಗಪ್ಪ ಮೊಣಕಾಲೂರಿ ಲಗ್ನಪತ್ರಿಕೆಯ ರಟ್ಟಿನಿಂದ ಒಂದೊಂದೇ ಕೂಡಿಸತೊಡಗಿದ. ರಟ್ಟು ನಡುಗಿ ಒಂದು ಗುಂಡು ಎರಡಾಗುವುದು, ಎರಡು ನಾಲ್ಕಾಗುವುದು. ಹೆದರಿಕೆಗೆ ನಡುಗುತ್ತಾನೆ ಅಂದುಕೊಂಡೆ.

ಅಂಗಳದಿಂದ ಪೂನಮ ಕೇಳಿದಳು, "ಅಜ್ಜಾ, ಕೂಸಿಗೆ ಏನರ ಆಗತೈತೇನ್ರಿ?"

ಇವನು ರಟ್ಟು ಕೆಳಗಿಟ್ಟ. "ಗೊತ್ತಿಲ್ಲವಾ," ಅಂದ. "ನಾಳೆ ತೋರಸೂಣು."

ಆ ಜೋಳ ತಿನ್ನುವ ಲೆಕ್ಕದಿಂದ ಹೋಯಿತು, ಪೂನಮಳ ಹಾಸಿಗೆ ಬೇರೆ ಕೋಣೆಗೆ ಹೋಯಿತು. ಗುಂಡುಗಳನ್ನು ನೀರು ಹಾಕಿದ ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ತಂದೆವು. ಇಂಥ ಕಸ ಒಯ್ಯುವವರಿಗೆ ಸಮೃದ್ಧಿ ಒಪ್ಪಿಸಿದಳು. ನೆಹರು ನಗರದ ದೊಡ್ಡ ದವಾಖಾನೆಯಲ್ಲಿ ಪೂನಮಳ ಉಚ್ಚೆ ಪರೀಕ್ಷೆಗೆ ಕೊಟ್ಟರು. ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ಬಸಲಿಂಗಪ್ಪ ನಮ್ಮ ಬಡಾವಣೆ ಸುತ್ತಿದ ರೀತಿಗೆ ಡಾಂಬರು ಸವೆದು ಕೆಳಗಿನ ಕೆಂಪು ಮಣ್ಣು ಕಂಡಿತು ಅಂದರೆ ನಂಬಬೇಕು. ದಿನಾ ಮೂರು ಸಲ ನನ್ನ ಕದ ಬಡಿದು "ಫೋನ್ ಬಂತೇನು?" ಅನ್ನುವ. ಫೋನ್ ಬರುವುದು ಅವನಿಗೇ.

ರಿಪೋರ್ಟಿನಲ್ಲಿ ಪಾದರಸ ಮಿತಿಯೊಳಗೇ ಇತ್ತು. ಬಸುರಿನಲ್ಲಿ ಜೋಳದ ವಾಸನೆ ಆಗದೆ ಅವಳು ರಾತ್ರಿ ಹಗಲು ಕಿಟಕಿ ತೆಗೆದೇ ಇಡುತ್ತಿದ್ದಳಂತೆ. ಸ್ಕ್ಯಾನಿಂಗಿನಲ್ಲಿ ಕೂಸು ಚಲೋ ಇತ್ತು. ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಅಂದರು.

ಆ ಸುದ್ದಿ ಹೇಳಲು ಕರೆಸಿದ ಸಮೃದ್ಧಿ ಮೇಜಿನ ಮೇಲೆ ಉಚ್ಚೆ ಪರೀಕ್ಷೆಯ ಒಂದು ಖಾಲಿ ಡಬ್ಬಿ ಇಟ್ಟಳು. "ಈಗ ನಿಮ್ಮದು, ಕಾಕಾ."

"ನಾನೇನ ಬಸುರಿದ್ದೇನೇನವಾ?"

"ಮೂವತ್ತೊಂದು ವರ್ಷ ಬರಿಗೈಲೆ ಹಿಂಡಿದವರು ಯಾರ್ರಿ? ಪಾದರಸ ಮೈಗೆ ಹತ್ತಿದ್ರ ಕೈ ನಡಗತಾವ. ನೀವು ಚಾ ಕಪ್ಪು ಹಿಡಿಯೂದು ನೋಡಾಕತ್ತೇನಿ."

ಬಸಲಿಂಗಪ್ಪ ಡಬ್ಬಿ ಹಿಡಿದು ಒಳಗೆ ಹೋದ. ಹೊರಗೆ ಬಂದು ಮುಚ್ಚಳ ತಿರುವತೊಡಗಿದ. ಮೂರು ಸಲ ಹಾಕಿದ, ಮೂರೂ ಸಲ ಓರೆಯಾಯಿತು. ನಾಲ್ಕನೇ ಸಲ ಅವನ ಕೈಯಿಂದ ತೆಗೆದುಕೊಂಡು ನಾನೇ ಹಾಕಿದೆ.